ಸುಕ್ಕಿಲ್ಲದ ಬೆಳ್ಳಿ

ಗಡಿಯಾರ ರಿಪೇರಿಯವನ ಬೆಳ್ಳಿ ಗಟ್ಟಿಗೆ ಸುಕ್ಕು ಬಿದ್ದಿತ್ತು. ಕೆಟ್ಟುಹೋದ ಜೇಬುಗಡಿಯಾರಗಳ ಬೆಳ್ಳಿ ಕವಚಗಳನ್ನು ಅಡುಗೆಮನೆಯಲ್ಲೇ ಮೂಸೆಗೆ ಹಾಕಿ, ಗ್ಯಾಸ್ ಟಾರ್ಚ್ ಹಿಡಿದು ಕರಗಿಸಿ ಅಚ್ಚಿಗೆ ಸುರಿದಿದ್ದ. ಹೊರಬಂದದ್ದು ನಿದ್ದೆಗೆಟ್ಟ ಮುದುಕನ ಹಣೆಯಂಥದ್ದು. ಹೆಂಡತಿ ತೀರಿಕೊಂಡ ಮೇಲೆ ರಜಾದಿನಗಳು ಅವನಿಗೆ ಮುಗಿಯುತ್ತಲೇ ಇರಲಿಲ್ಲ. ಹೊತ್ತು ಹೋಗಲೆಂದು ಹಚ್ಚಿಕೊಂಡ ಕೆಲಸವಿದು.

ಹೊಗೆಯ ವಾಸನೆಗೆ ಪಕ್ಕದ ಮನೆಯ ಕ್ಷೌರಿಕ ಬಾಗಿಲಲ್ಲಿ ಮೂಗು ತೂರಿಸಿದ.

“ಏನ್ರೀ, ಮನೆಗೇ ಬೆಂಕಿ ಇಟ್ಕೊಂಡ್ರಾ?”

“ಬೆಳ್ಳಿ ಕಣಯ್ಯ. ನುಣ್ಣಗೆ ಬರ್ತಾನೇ ಇಲ್ಲ.”

“ಅಚ್ಚಿಗೆ ಎಣ್ಣೆ ಸವರಿದ್ರಾ? ತಲೆ ಆಗ್ಲಿ, ಅಚ್ಚಾಗ್ಲಿ, ಎಣ್ಣೆ ಇಲ್ದೆ ನುಣುಪು ಎಲ್ಲಿಂದ ಬರ್ಬೇಕು?”

ಕ್ಷೌರಿಕನೇ ಓಡಿಹೋಗಿ ತಲೆಗೆ ಹಚ್ಚುವ ಎಣ್ಣೆ ತಂದು ಅಚ್ಚಿಗೆ ಧಾರಾಳವಾಗಿ ಬಳಿದ. ಕರಗಿದ ಬೆಳ್ಳಿ ಬಿದ್ದದ್ದೇ ತಡ, ಅಚ್ಚು ಭಗ್ಗೆಂದಿತು. ಕ್ಷೌರಿಕನ ಹೆಗಲ ಟವೆಲಿಗೆ ಬೆಂಕಿ ಹತ್ತಿತು. ಕೂಗಾಟ ಕೇಳಿ ಮಹಡಿಯಿಂದ ದೊಡ್ಡಮ್ಮ ಇಳಿದುಬಂದಳು. ಇಡೀ ಕಟ್ಟಡಕ್ಕೇ ಆಕೆ ದೊಡ್ಡಮ್ಮ. ಹಿಂದೆಮುಂದೆ ನೋಡದೆ ಒಂದು ಬಕೆಟ್ ನೀರನ್ನು ಕ್ಷೌರಿಕನ ಮೇಲೆ ಹೊಯ್ದಳು.

ಗಟ್ಟಿ ಈ ಸಲ ತೂತು ತೂತಾಗಿತ್ತು. ಕ್ಷೌರಿಕ ತೊಯ್ದ ಬೆಕ್ಕಿನಂತೆ ಮೂಲೆ ಹಿಡಿದ. ದೊಡ್ಡಮ್ಮ ಕುರ್ಚಿ ಎಳೆದುಕೊಂಡಳು.

“ಅಚ್ಚು ತಣ್ಣಗಿದ್ರೆ ಬೆಳ್ಳಿ ಮುದುಡ್ಕೊಳ್ಳುತ್ತೆ ಕಣೋ. ಮೊದಲು ಅದನ್ನ ಕಾಯ್ಸು.”

“ಕಾಯ್ಸಿದ್ರೆ ಅಂಟ್ಕೊಳ್ಳುತ್ತೆ!” ಎಂದ ಕ್ಷೌರಿಕ, ಹಲ್ಲು ಕಟಕಟಿಸುತ್ತಲೇ.

ಜಗಳ ಹತ್ತಿತು. ಗಡಿಯಾರದವನು ಟೀಗೆ ಇಟ್ಟ. ಹೆಂಡತಿ ಜೋಡಿಸಿಟ್ಟಿದ್ದ ಕಪ್ಪುಗಳನ್ನು ಬಹಳ ಕಾಲದ ಮೇಲೆ ಕೆಳಗಿಳಿಸಿ ಧೂಳು ತೊಳೆದ. ಅವರಿಬ್ಬರ ಕಿತ್ತಾಟ ಕಿವಿಗೆ ಹಿತವಾಗಿತ್ತು. ಬೆಳ್ಳಿ ಸಂಜೆಯವರೆಗೂ ಕೈಕೊಡುತ್ತಲೇ ಇರಲಿ ಎನ್ನಿಸಿತು.

ಆದರೆ ಅದು ಕೈಕೊಡಲಿಲ್ಲ. ಅಚ್ಚು ಚೆನ್ನಾಗಿ ಕಾಯಿಸಿ, ಸುರಿದ ಮೇಲೂ ಅರೆಗಳಿಗೆ ಜ್ವಾಲೆ ಹಿಡಿದದ್ದೇ, ಗಟ್ಟಿ ಕನ್ನಡಿಯಂತೆ ಹೊರಬಿತ್ತು. ಕ್ಷೌರಿಕ ಅದರಲ್ಲಿ ಮೀಸೆ ನೋಡಿಕೊಂಡ.

“ಸರಿ, ಆಯ್ತಲ್ಲ. ಬರ್ತೀವಿ.”

“ಇನ್ನೊಂದ್ ಕಪ್ ಟೀ...”

“ಬಟ್ಟೆ ಬದಲಾಯಿಸ್ಬೇಕು ಸ್ವಾಮಿ, ನಡುಕ ಬರ್ತಿದೆ.”

ಮನೆ ಮತ್ತೆ ಬಿಕೋ ಎಂದಿತು. ತೊಳೆಯದ ಕಪ್ಪುಗಳನ್ನು ನೋಡುತ್ತ ನಿಂತವನು ತಟ್ಟನೆ ಆ ಗಟ್ಟಿಯನ್ನೆತ್ತಿ ಮೂಸೆಗೆ ಹಾಕಿದ. ಈ ಸಲ ಕೆಡಿಸಲೇಬೇಕು. ಅಚ್ಚನ್ನು ಕಾಯಿಸಲಿಲ್ಲ. ಬೇಕೆಂದೇ ಕೈ ನಡುಗಿಸುತ್ತ ಸುರಿದು, ಗಂಟಲು ಹರಿಯುವಂತೆ ಕೂಗಿದ:

“ಅಯ್ಯೋ, ಕೆಟ್ಟೋಯ್ತು! ಬನ್ರೀ ಯಾರಾದ್ರೂ!”

ಇಬ್ಬರೂ ಓಡಿಬಂದರು. ಕ್ಷೌರಿಕನ ಅಂಗಿಯ ಒಂದು ತೋಳು ಇನ್ನೂ ಹೊರಗೇ ಜೋತಾಡುತ್ತಿತ್ತು. ಇವನು ಒಳಗೊಳಗೇ ಹಿಗ್ಗುತ್ತ ಅಚ್ಚು ಮಗುಚಿದ. ಹಿಂದಿನ ಎರಕದ ಕಾವು ಅದರಲ್ಲಿ ಆರಿರಲಿಲ್ಲ. ಗಟ್ಟಿ ಮೊದಲಿಗಿಂತಲೂ ನುಣ್ಣಗೆ, ಥಳಥಳಿಸುತ್ತ ಬಿತ್ತು.

“ಇದಕ್ಕಾ ಹಂಗೆ ಕಿರುಚಿದ್ದು?” ಎಂದು ಕ್ಷೌರಿಕ ಕಣ್ಣು ಬಿಟ್ಟ.

ದೊಡ್ಡಮ್ಮ ಮಾತ್ರ ಹೆಮ್ಮೆಯಿಂದ ಇವನ ಬೆನ್ನು ತಟ್ಟಿದಳು. “ನಿಂಗೆ ಕೈ ಕುದುರಿಬಿಡ್ತು ಕಣೋ. ನಾವು ಇದ್ರೇನೇ ಗಡಿಬಿಡಿ. ಇನ್ಮೇಲೆ ಯಾರೂ ಬಂದು ತೊಂದ್ರೆ ಕೊಡದ ಹಾಗೆ ನಾನ್ ನೋಡ್ಕೋತೀನಿ.”

ಕ್ಷೌರಿಕನ ತೋಳು ಹಿಡಿದು ಹೊರಗೆಳೆದುಕೊಂಡು, ಆಕೆ ಸದ್ದಾಗದಂತೆ ಬಾಗಿಲು ಮುಚ್ಚಿದಳು.