ಪೂರ್ಣ ಉದ್ಯೋಗ ಮತ್ತು ಒಂಬತ್ತು ಬೀಗದ ಕೈಗಳು

ಕೆಲಸ ಕಳೆದುಕೊಂಡವನಿಗೆ ಇಷ್ಟು ಸುಖವಾಗಿ ಕನಸು ಬೀಳಬಾರದು ಎಂದು ನನಗೂ ಗೊತ್ತು. ಆದರೆ ಬೆಳಗಿನ ಹತ್ತು ಗಂಟೆಗೆ ಗಲ್ಫಿನ ಅದ್ಲಿಯಾ ಬಡಾವಣೆಯ ನಮ್ಮ ಫ್ಲ್ಯಾಟಿನ ಬಾಲ್ಕನಿಯಲ್ಲಿ ಚಹಾ ಹಿಡಿದು ಕೂತು, ದೂರದ ಕಟ್ಟಡಗಳು ಧೂಳಿನ ಮಬ್ಬಿನಲ್ಲಿ ಕರಗುವುದನ್ನು ನೋಡುತ್ತಿದ್ದರೆ ಕಣ್ಣು ತೆರೆದಿರುವಾಗಲೇ ಕನಸು ಶುರುವಾಗುತ್ತದೆ. ಅದರಲ್ಲಿ ನಾನು ಯಾವಾಗಲೂ ಮ್ಯಾನೇಜರ್. ಎಚ್ಚರದಲ್ಲಿ ಮಾತ್ರ, ಎಂಟು ತಿಂಗಳಿಂದ, ನರ್ಸ್ ಆಗಿರುವ ಹೆಂಡತಿ ಲವೀನಾಳ ವೀಸಾದಲ್ಲಿ ಉಳಿದುಕೊಂಡಿರುವ ಗಂಡ. ನನಗೊಂದು ಕೆಲಸ ಸಿಕ್ಕಿದರೆ ಅವಳು ಡಬಲ್ ಡ್ಯೂಟಿ ಬಿಡಬಹುದು. ಮನೆಗೆ ಬಂದು ಊದಿದ ಪಾದಗಳನ್ನು ಅವಳು ಸ್ಟೂಲಿನ ಮೇಲಿಡುವಾಗ ನನಗೆ ನಿಜಕ್ಕೂ ನಾಚಿಕೆಯಾಗುತ್ತದೆ.

ಮೇಲಿನ ಮಹಡಿಯ ದಿವಾಕರಣ್ಣ ಡಿಪ್ಲೊಮ್ಯಾಟಿಕ್ ಏರಿಯಾದ ಬ್ಯಾಂಕಿನವರು. ಲಿಫ್ಟಿನಲ್ಲಿ ನನ್ನ ಮುಖ ನೋಡಿ ಒಮ್ಮೆ ಸಮಾಧಾನ ಹೇಳಿದರು. "ಪೂರ್ಣ ಉದ್ಯೋಗ ಅಂದ್ರೆ ಎಲ್ಲರಿಗೂ ಕೆಲಸ ಉಂಟು ಅಂತ ಅಲ್ಲ ಮಾರಾಯ್ರೆ. ಒಂದು ಕೆಲಸ ಬಿಟ್ಟು ಇನ್ನೊಂದು ಹುಡುಕುವವರು ನಾಲ್ಕು ಜನ ಯಾವಾಗ್ಲೂ ಇರ್ತಾರೆ. ಅವರಿದ್ರೂ ಅದು ಪೂರ್ಣವೇ!"

ಆ ನಾಲ್ವರಲ್ಲಿ ನಾನೊಬ್ಬ! ದೇಶದ ಆರ್ಥಿಕತೆಗೆ ನಾನೂ ಬೇಕಾದವನೆಂದು ಎದೆಯುಬ್ಬಿತು. ಅಷ್ಟರಲ್ಲಿ ಅವರು, "ಹೇಗೂ ಮನೆಯಲ್ಲೇ ಇದ್ದೀರಲ್ಲ, ನಾಳೆ ಎಸಿಯವ ಬರ್ತಾನೆ, ಸ್ವಲ್ಪ ಬಾಗಿಲು ತೆಗೀತೀರಾ?" ಎಂದು ಬೀಗದ ಕೈ ಕೊಟ್ಟರು.

ಗಂಡ ಹೆಂಡತಿ ಇಬ್ಬರೂ ದುಡಿಯುವ ಕಟ್ಟಡ ನಮ್ಮದು. ಸುದ್ದಿ ಹಬ್ಬಿತು. ತಿಂಗಳೊಳಗೆ ನನ್ನ ಬಳಿ ಒಂಬತ್ತು ಮನೆಗಳ ಬೀಗದ ಕೈ. ಗ್ಯಾಸ್ ಸಿಲಿಂಡರ್ ಇಳಿಸಿಕೊಳ್ಳುವುದು, ಶಾಲಾ ಬಸ್ಸಿನಿಂದ ಮಕ್ಕಳನ್ನು ಕರೆತರುವುದು ನನ್ನ ಪಾಲಿಗೆ ಬಂದವು. ಕೆಳಮಹಡಿಯ ಫಿಲೋಮಿನಾ ಬಾಯಿ ಟೆರೇಸಿನಲ್ಲಿ ಒಣಹಾಕಿದ ಹಪ್ಪಳಕ್ಕೆ ಪಾರಿವಾಳಗಳಿಂದ ಕಾವಲೂ ನಾನೇ. ಕಾವಲಿನಲ್ಲೇ ತೂಕಡಿಸುತ್ತಿದ್ದೆ, ಪಾರಿವಾಳಗಳಿಗೂ ನನ್ನ ಭಯವಿರಲಿಲ್ಲ.

ಹೋದ ತಿಂಗಳು ಬಂದರಿನ ಪಕ್ಕದ ಹಿದ್‌ನ ಗೋದಾಮೊಂದರಿಂದ ಸಂದರ್ಶನಕ್ಕೆ ಕರೆ ಬಂತು. ಲವೀನಾ ಡ್ಯೂಟಿಗೆ ಹೊರಡುವ ಮೊದಲು ನನ್ನ ಅಂಗಿಗೆ ಇಸ್ತ್ರಿ ಹಾಕಿ, "ದೇವರೇ, ಇದೊಂದು ಆಗ್ಲಿ" ಎಂದಳು. ಮ್ಯಾನೇಜರಿಗೆ ನನ್ನ ಅನುಭವ ಹಿಡಿಸಿತು. "ಕಲ್ ಸೇ ಆ ಸಕ್ತೇ ಹೋ?" ಎಂದು, ನಾಳೆಯಿಂದಲೇ ಬರಬಹುದಾ ಎಂದು ಕೇಳಿದರು. ಕಿಟಕಿಯಾಚೆ ಬಂದರಿನ ಕ್ರೇನುಗಳು ನಿಧಾನಕ್ಕೆ, ತೊಟ್ಟಿಲು ತೂಗಿದಂತೆ, ಕಂಟೇನರುಗಳನ್ನು ಎತ್ತುತ್ತಿದ್ದವು. ನೋಡುತ್ತ ನೋಡುತ್ತ ನಾಳೆಯೆಂದರೆ ದಿವಾಕರಣ್ಣನ ಎರಡನೇ ಎಸಿ, ಎರಡು ಸಿಲಿಂಡರ್, ಬಸ್ಸಿನಿಂದ ಇಳಿದು ನನಗಾಗಿ ಕಾಯುವ ಮಕ್ಕಳು ಎಂದು ನೆನಪಾಯಿತು.

"ಒಂದು ತಿಂಗಳು ನೋಟಿಸ್ ಕೊಡಬೇಕು ಸರ್," ಎಂದುಬಿಟ್ಟೆ.

ಅವರು ನನ್ನ ಬಯೋಡೇಟಾವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಯಾರಿಗೆ ನೋಟಿಸ್ ಎಂದು ಕೇಳಲಿಲ್ಲ. ಮರುದಿನವೇ ಬರಬಲ್ಲ ಇನ್ನೊಬ್ಬನನ್ನು ತೆಗೆದುಕೊಂಡರು.

"ಹಿದ್‌ನವರು ಫೋನ್ ಮಾಡಿದ್ರಾ?" ಎಂದು ಲವೀನಾ ದಿನಾ ಕೇಳುತ್ತಾಳೆ. ನಿಜ ಹೇಳಿಬಿಡಬೇಕು ಅಂತಲೇ ಇದ್ದೇನೆ. ಕೂತು ಹೇಳಲು ಪುರುಸೊತ್ತೇ ಸಿಕ್ಕಿಲ್ಲ.