ಗೌರೀಶನ ಬಗ್ಗೆ ಎರಡು ಒಳ್ಳೆ ಮಾತು

ಬಿ.ಎ.ಯಲ್ಲಿ ಕುಂಟುತ್ತ ಪಾಸಾದದ್ದನ್ನು ಗೌರೀಶ ತನ್ನೂರು ಸಂಶಿಯಲ್ಲಿ ಒಬ್ಬರಿಗೂ ಹೇಳಿರಲಿಲ್ಲ. ಎಲ್ಲ ಎಡವಟ್ಟಿಗೂ ಅದೇ ಮೂಲ.

ಅವನಿಗೆ ಬೇಕಾದದ್ದು ಧಾರವಾಡದ ಕಾಲೇಜೊಂದರಲ್ಲಿ ಎಂ.ಎಸ್.ಡಬ್ಲ್ಯೂ. ಸೀಟು, ಸಮಾಜಸೇವೆಯನ್ನೇ ಕಸುಬಾಗಿ ಕಲಿಸುವ ಓದು. ಅವನ ಮಾರ್ಕ್ಸ್ ನೋಡಿ ಮುಖ ಹುಳ್ಳಗೆ ಮಾಡಿದ ಅಲ್ಲಿನ ಸರ್, "ಊರಾಗ ಜನರ ಕೆಲಸ ಏನರೆ ಮಾಡೀರೇನು? ಇಬ್ಬರು ಹಿರಿಯರ ನಂಬರ್ ಕೊಡ್ರಿ, ಕೇಳಿ ನೋಡ್ತೀನಿ. ಅವರ ಮಾತಿನ ಮ್ಯಾಲ ನಿಮ್ಮ ಸೀಟು," ಎಂದಿದ್ದರು.

ಕೇಳುವುದೇನು ಬಂತು! ಮುದುಕರ ಪಿಂಚಣಿ ಅರ್ಜಿ, ಹುಬ್ಬಳ್ಳಿ ಆಸ್ಪತ್ರೆಯ ಓಡಾಟ, ಗಟಾರದ ತಕರಾರು, ಎಲ್ಲವೂ ಗೌರೀಶನ ತಲೆಗೇ. ಕೆಲಸವಿದ್ದಾಗ ಓಣಿಯೆಲ್ಲ ಅವನ ಬಾಗಿಲಲ್ಲಿ. ಕೆಲಸ ಮುಗಿದರೆ ಜೊತೆಗೆ ಕೂತು ಒಂದು ಕಪ್ ಚಹಾ ಕುಡಿಯಲು ಯಾರೂ ಇಲ್ಲ. ಓದಿದ ಗೆಳೆಯರು ಊರು ಬಿಟ್ಟಿದ್ದರು. ಸಂಜೆಗೆ ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಒಬ್ಬನೇ ಕೂತು ಕೂತು ಅವನಿಗೆ ಜೀವವೇ ಬೇಸತ್ತಿತ್ತು.

ಮರುದಿನ ಬೆಳಿಗ್ಗೆ ಎದ್ದವನೇ, ತಾನು ನಂಬರ್ ಕೊಟ್ಟು ಬಂದಿದ್ದ ಎದುರುಮನೆಯ ಈರಪ್ಪ ಕಾಕಾನಿಗೂ ಬಾಜು ಮನೆಯ ಮಹಾನಂದಕ್ಕನಿಗೂ ಹೇಳಿದ. "ಧಾರವಾಡದಿಂದ ಒಬ್ಬ ಹಿರೇರು ಫೋನ್ ಮಾಡ್ತಾರ. ನನ್ನ ಬಗ್ಗೆ ಎರಡ ಒಳ್ಳೆ ಮಾತ ಹೇಳ್ರಿ." ಯಾಕೆಂದು ಹೇಳಹೋದರೆ ಮಾರ್ಕ್ಸ್ ಹೊರಬೀಳುತ್ತದಲ್ಲ! ಹಾಗಾಗಿ ನೆಲ ನೋಡುತ್ತ ಸುಮ್ಮನೆ ನಕ್ಕ.

"ತಿಳೀತ್ ಬಿಡೋ ತಮ್ಮಾ. ನಾಚ್ಕೋಬ್ಯಾಡ," ಎಂದು ಕಾಕಾ ಬೆನ್ನು ಚಪ್ಪರಿಸಿದ.

ಫೋನ್ ಬಂದಾಗ ಗೌರೀಶ ಕಾಕಾನ ಬಗಲಲ್ಲೇ ಇದ್ದ. ಕಾಕಾ ಸ್ಪೀಕರ್ ಹಾಕಿದ.

"ಗೌರೀಶ ಹೆಂಥಾ ಹುಡುಗರಿ?"

"ಅಗದಿ ಬಂಗಾರರಿ! ತಾನಾತು, ತನ್ನ ಮನಿ ಆತು. ಊರ ಉಸಾಬರಿ ಅವಗ ಬ್ಯಾಡ."

ಗೌರೀಶ ಬೇಡ ಬೇಡ ಎಂದು ಎರಡೂ ಕೈ ಬೀಸಿದ. ನಾಚುತ್ತಾನೆಂದು ಕಾಕಾ ಕಣ್ಣು ಹೊಡೆದ.

"ಮಂದಿ ಕೆಲಸಕ್ಕ ಓಡ್ಯಾಡ್ತೀನಿ ಅಂತ ಅವರ ಹೇಳಿದ್ರಲ್ಲ?"

"ಸುಳ್ಳರಿ! ಮತ್ತೊಬ್ಬರ ಹೊಸ್ತಿಲಾ ತುಳದವನಲ್ಲ. ಒಬ್ಬ ಗೆಳ್ಯಾ ಇಲ್ಲ. ಸಂಜಿಕ ಕಟ್ಟಿ ಮ್ಯಾಲ ಒಬ್ಬನ ಕುಂತಿರ್ತಾನ, ನೋಡಿದ್ರ ಕರುಳ ಚುರ್ ಅಂತೈತಿ."

ಕೊನೆಯ ಮಾತು ಮಾತ್ರ ನಿಜ. ಕಾಕಾ ಅದನ್ನು ದಿನಾ ನೋಡುತ್ತಿದ್ದನೆಂಬುದು ಗೌರೀಶನಿಗೆ ಆಗಲೇ ತಿಳಿದದ್ದು.

"ಕನ್ಯಾದವ್ರು ಖುಷ್ ಆದ್ರು ನೋಡು!" ಎಂದು ಕಾಕಾ ಫೋನ್ ಇಟ್ಟ.

"ಕನ್ಯಾದವ್ರಲ್ಲೋ ಕಾಕಾ, ಕಾಲೇಜಿನವ್ರು!"

ಗೌರೀಶ ಬರಿಗಾಲಲ್ಲೇ ಬಾಜು ಮನೆಗೆ ಓಡಿದ. ತಡವಾಗಿತ್ತು. ಮಹಾನಂದಕ್ಕ ಅಂಗಳದಲ್ಲಿ ನಿಂತು ಇಡೀ ಓಣಿಗೆ ಕೇಳುವಂತೆ ಹೇಳುತ್ತಿದ್ದಳು. "ಒಂದ ಕಡ್ಡಿ ಎತ್ತಿ ಆಚೆ ಇಟ್ಟವನಲ್ರಿ. ಸಾಹೇಬರ ಮಗಾ ಇದ್ದಂಗ ಇದ್ದಾನ!"

"ಅಕ್ಕಾ, ನಿಮ್ಮ ಅತ್ತಿನ್ನ ಹೊತಗೊಂಡು ಆಸ್ಪತ್ರಿ ಮೆಟ್ಟಲಾ ಹತ್ತಿದ್ದು ನಾನಲ್ಲೇನ್ರಿ?"

ಅವಳು ಫೋನಿಗೆ ಕೈ ಅಡ್ಡ ಹಿಡಿದಳು. "ಅದನ್ನ ಹೇಳಿದ್ರ ಹಮಾಲ ಅಂದ್ಕೊಂಡಾರು, ಸುಮ್ಮನಿರೋ!"

ಗೌರೀಶ ಫೋನ್ ಕಸಿದುಕೊಂಡ. ಅಳು ಬರುವ ದನಿಯಲ್ಲಿ ಎಲ್ಲ ಬಿಡಿಸಿ ಹೇಳಿದ. ಇವರಿಬ್ಬರೂ ಇದನ್ನು ವರ ನೋಡುವವರ ಫೋನೆಂದು ತಿಳಿದದ್ದು, ತಾನು ಮಾರ್ಕ್ಸ್ ಮುಚ್ಚಿಟ್ಟದ್ದು, ಎಲ್ಲ. ಅಷ್ಟರಲ್ಲಿ ನೆರೆದಿದ್ದ ಓಣಿಯವರೂ ಕೇಳಿಸಿಕೊಂಡರು. ಮಹಾನಂದಕ್ಕ ಕೈ ಚಾಚಿ ಸ್ಪೀಕರ್ ಒತ್ತಿದಳು.

ಅತ್ತ ಸರ್ ಹೊಟ್ಟೆ ಹಿಡಿದು ನಗುತ್ತಿದ್ದರು. "ಈಗ ತಿದ್ದಿದ ಮಾತು ನಾ ಹೆಂಗ ನಂಬ್ಲಿ? ಸೀಟು ಆಗೂದಿಲ್ಲ, ಬಿಡ್ರಿ. ಆದ್ರ ಖರೇ ಹೇಳ್ತೀನಿ, ನಮ್ಮ ತಂಗಿ ಮಗಳಿಗೆ ಇಂಥಾ ಹುಡುಗನ್ನ ಹುಡುಕ್ಲಿಕ್ಕತ್ತೀವಿ."

ಅಂಗಳವೆಲ್ಲ ಫೋನಿನ ಹತ್ತಿರ ಸರಿಯಿತು. ಸೀಟು ಹೋದರೂ ಕಟ್ಟೆಯ ಮೇಲೆ ಕೂರಲು ಒಂದು ಜೊತೆ ಸಿಕ್ಕೀತೇನೋ ಎಂದು ಗೌರೀಶನ ಜೀವವೂ ಒಂದು ಗಳಿಗೆ ಮಿಡುಕಿತು.

"ಹಂಗಾರ ಯಾವಾಗ ಬರೂಣ್ರಿ?" ಮಹಾನಂದಕ್ಕ ಕೂಗಿದಳು.

"ಹೆಂಗ ಬರ್ತೀರಿ ತಾಯಿ? ಅವನ ಮಾರ್ಕ್ಸ್ ನಾ ನೋಡಿಬಿಟ್ಟೀನಲ್ಲ!"