ಅಲಸಂದೆ ತೂರಲು ಎರಡು ಗಂಟೆಯ ಗಾಳಿ ಕೋರಿ

ಇಂದ:
ಕಿಟೇರಿಯಾ ಫೆಲಿಸ್ಮಿನಾ, ರೈತಮಹಿಳೆ,
ಏಳನೇ ಗಾಳಿಯಂತ್ರದ ಗೋಪುರದ ಬುಡ (ಮೊದಲು ಈ ಜಾಗಕ್ಕೆ ಉಂಬುರಾನಾ ಎಂಬ ಹೆಸರಿತ್ತು),
ಪರೈಬಾ ಸೀಮೆ, ಬ್ರೆಜಿಲ್.

ಗೆ:
ಗಾಳಿಯ ಮಾಲೀಕರು,
ವಿದ್ಯುತ್ ಕಂಪನಿ ಕಚೇರಿ, ಬೇಲಿಯ ಆಚೆ.

ವಿಷಯ: ಒಂದು ಬೆಳಗಿನ ಮಟ್ಟಿಗೆ ಗಾಳಿ ಬಳಸಲು ಅನುಮತಿ ಕೋರಿ.

ಉಲ್ಲೇಖ: 1. ಕರಾರುಪತ್ರದ ಹದಿನಾಲ್ಕನೇ ಕಲಮು. 2. ಕಣದ ಕಂಬಕ್ಕೆ ಸೋಮವಾರ ಅಂಟಿಸಿದ ತಮ್ಮ ನೋಟಿಸು.

ಮಾನ್ಯರೇ,

ಅರ್ಜಿದಾರಳು ತಮ್ಮ ಅವಗಾಹನೆಗೆ ತರುವುದೇನೆಂದರೆ:

1. ಸದರಿ ಕಲಮಿನ ಪ್ರಕಾರ ಜಮೀನಿನ ಮೇಲೆ ಬೀಸುವ ಸಮಸ್ತ ಗಾಳಿಯೂ ಇಪ್ಪತ್ತೇಳು ವರ್ಷ ಕಂಪನಿಯ ಸ್ವತ್ತು. ರುಜು ಹಾಕಿದ ದಿನ ಅರ್ಜಿದಾರಳು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. ಗಾಳಿ ಇರುವುದು ಸಂತ ಲೊರೆನ್ಸೊನ ಕೈಯಲ್ಲಿ, ಶಿಳ್ಳೆ ಹಾಕಿ ಕರೆದರೆ ಬಿಡುತ್ತಾನೆ ಎಂಬುದು ಈ ಕಡೆಯ ಮಕ್ಕಳಿಗೂ ಗೊತ್ತು. ಆದಕಾರಣ ಮಾರಲಾಗದ ವಸ್ತುವನ್ನು ಕೊಳ್ಳಲು ಟೈ ಕಟ್ಟಿಕೊಂಡು ಬಂದ ಮಹನೀಯರನ್ನು ಕಂಡು ಕನಿಕರಪಟ್ಟು, ಕಾಫಿ ಕೊಟ್ಟು, ರುಜು ಹಾಕಿದಳು. ಬುದ್ಧಿಗೇಡಿ ಯಾರು ಎಂಬುದು ಈಗ ಇತ್ಯರ್ಥವಾಗಿದೆ.

2. ಸೋಮವಾರ ಅಲಸಂದೆ ಬಡಿದು ಮುಗಿಸಿ, ತೂರಲು ನಿಂತು, ಅರ್ಜಿದಾರಳೂ ಆಕೆಯ ತಾಯಿ ಫಿರ್ಮಿನಾಳೂ (ವಯಸ್ಸು 86) ವಾಡಿಕೆಯಂತೆ ಶಿಳ್ಳೆ ಹಾಕಿದರು. ಗಾಳಿ ಬಂತು. ತಾಯಿ ಮೊರ ತರಲು ಒಳಗೆ ಹೋದಳು. ಅಷ್ಟರಲ್ಲಿ ತಮ್ಮ ಕಾವಲುಗಾರನೂ ಅರ್ಜಿದಾರಳ ತಂಗಿಯ ಮಗನೂ ಆದ ಜೆನಿವಾಲ್ದೊ ಬಂದ.

"ಆಶೀರ್ವಾದ ಮಾಡು ದೊಡ್ಡಮ್ಮ."

"ದೇವ್ರು ಒಳ್ಳೇದ್ ಮಾಡ್ಲಿ. ಏನೋ ಅದು ಕೈಯಲ್ಲಿ?"

"ನೋಟಿಸು. ತೂರೋ ಹಂಗಿಲ್ಲ. ಹೊಟ್ಟು ಯಂತ್ರಕ್ಕೆ ಹೋಗುತ್ತಂತೆ. ಗಾಳೀನೂ ನಿಮ್ದಲ್ವಂತೆ."

"ಎಂಬತ್ತು ಮೀಟರ್ ಮೇಲಕ್ಕೆ ಹೊಟ್ಟು ಹಾರ್ಸೋಕೆ ನಿನ್ನ ದೊಡ್ಡಮ್ಮ ಏನು ಬಿರುಗಾಳೀನಾ?"

"ನಾನೇನ್ ಮಾಡ್ಲಿ, ನಂಗೆ ಅಂಟ್ಸೋದಷ್ಟೇ ಕೆಲ್ಸ."

3. ಮತ್ತೆ ತೂರಿದರೆ ಕಣಕ್ಕೆ ಬೇಲಿ ಹಾಕುವುದಾಗಿ ನೋಟಿಸಿನಲ್ಲಿದೆ. ಆ ಕಾರಣದಿಂದ ಅಲಸಂದೆ ನಾಲ್ಕು ದಿನದಿಂದ ಹೊಟ್ಟಿನ ಸಮೇತ ತಾಡಪಾಲಿನ ಕೆಳಗಿದೆ. ಇದು ಅಜ್ಜಿಯ ಕಾಲದಿಂದ ಉಳಿಸಿಕೊಂಡು ಬಂದ ಬಿತ್ತನೆ ಬೀಜ, ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಹುಳ ಬಿದ್ದರೆ ಮುಗಿಯಿತು. ಗಾಳಿ ಬಂದಾಗ ತೂರಿಕೋ ಎಂದ ಹಿರಿಯರು ಕಂಪನಿಯ ಅನುಮತಿ ಪಡೆದು ಹೇಳಿದಂತಿಲ್ಲ.

4. ತಾಯಿಗೆ ಕಣ್ಣು ಮಂಜು. ಆದರೂ ದಿನವೂ ಕಣದಲ್ಲಿ ಕೂತು ಶಿಳ್ಳೆ ಹಾಕುತ್ತಾಳೆ.

"ಯಾಕೇ, ಇನ್ನೂ ತೂರ್ಲಿಲ್ವಾ?"

"ಗಾಳಿ ಇಲ್ಲವ್ವಾ."

"ನನ್ ತಲೆಬಟ್ಟೆ ಹಾರ್ಕೊಂಡ್ ಹೋಗ್ತಿದೆ, ಗಾಳಿ ಇಲ್ವಂತೆ! ಕಣ್ ಕಾಣ್ದಿರೋದು ನಂಗೋ ನಿಂಗೋ?"

ಹೀಗೆ ಅರ್ಜಿದಾರಳು ಹೆತ್ತ ತಾಯಿಗೆ ದಿನಕ್ಕೊಂದು ಸುಳ್ಳು ಹೇಳುತ್ತಿದ್ದಾಳೆ. ನಾಚಿಕೆಯಾಗುತ್ತಿದೆ. ಈ ನಾಚಿಕೆ ಯಾರ ಸ್ವತ್ತೆಂದು ಕರಾರಿನಲ್ಲಿ ನಮೂದಾಗಿಲ್ಲ.

ಆದ್ದರಿಂದ, ಬರುವ ಶನಿವಾರ ಬೆಳಗ್ಗೆ ಏಳರಿಂದ ಒಂಬತ್ತರವರೆಗೆ, ಕಣದಗಲ, ಆಳೆತ್ತರದ ಗಾಳಿಯನ್ನು ಬಿಡುಗಡೆ ಮಾಡಬೇಕಾಗಿ ಕೋರಿದೆ. ಬಳಸಿದ ಗಾಳಿಯನ್ನು ಹೊಟ್ಟು ಬೇರ್ಪಡಿಸಿ ಹಿಂತಿರುಗಿಸಲಾಗುವುದು.

ತಮ್ಮ ವಿಶ್ವಾಸಿ (ಕರಾರಿನ ಅವಧಿಯವರೆಗೆ ಮಾತ್ರ),
ಕಿಟೇರಿಯಾ

ಲಗತ್ತುಗಳು: ಕರಾರಿನ ನಕಲು, ನೋಟಿಸು (ಅಂಟಿನ ಸಮೇತ), ಅಲಸಂದೆ ಒಂದು ಹಿಡಿ (ಹೊಟ್ಟಿನ ಸಮೇತ).

ವಿ.ಸೂ.: ಅನುಮತಿ ಸಾಧ್ಯವಿಲ್ಲದಿದ್ದಲ್ಲಿ, ಅದೇ ಬೆಳಗ್ಗೆ ಅಧಿಕಾರಿಯೊಬ್ಬರನ್ನು ಕಣಕ್ಕೆ ಕಳಿಸಿಕೊಡಬೇಕು. ನಿನ್ನ ಮಗಳು ಗಾಳಿಯನ್ನು ಮಾರಿಬಿಟ್ಟಿದ್ದಾಳೆ ಎಂದು ಅವರೇ ತಾಯಿಗೆ ತಿಳಿಸಬೇಕು. ಅರ್ಜಿದಾರಳಿಂದ ಆಗುತ್ತಿಲ್ಲ. ತಾಯಿಗೆ ಬಲಗಿವಿ ಕೇಳಿಸುವುದಿಲ್ಲ. ಎಡಗಿವಿಯ ಹತ್ತಿರ ಬಾಗಿ ಹೇಳತಕ್ಕದ್ದು.